ಅಪ್‌ಡೇಟ್: ಇಲಿ ಮೂತ್ರದ ಟ್ರಿಟಿಯಂ ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆ: 70,000 ಡಾಲ್ಟನ್ (ಅಣುತೂಕದ ಅಳತೆ) ಡೆಕ್ಸ್‌ಟ್ರಾನ್‌ಗೆ (ಸಕ್ಕರೆ ಅಣುಗಳ ಉದ್ದ ಸರಪಳಿ) ಬೊರೋಟ್ರಿಟೈಡ್ ಎಂಬ ರಾಸಾಯನಿಕದಿಂದ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಲೇಬಲ್ ಹಾಕಿ ಇಲಿಗೆ ಚುಚ್ಚಿದರೆ, ಮೊದಲ ಗಂಟೆಯಲ್ಲೇ ಮೂತ್ರದಲ್ಲಿ ಅಷ್ಟೊಂದು ಕೌಂಟ್ (ವಿಕಿರಣದ ಎಣಿಕೆ) ಯಾಕೆ, ಇಷ್ಟು ದೊಡ್ಡ ಸರಪಳಿ ಕಿಡ್ನಿ ದಾಟಬಾರದಲ್ಲ ಅಂತ.

ಲೇಬಲ್ ಹಾಕಿದ ಡೆಕ್ಸ್‌ಟ್ರಾನ್ ಅನ್ನು ಇನ್ನೂ ಎರಡು ದಿನ ಡಯಾಲಿಸಿಸ್ ಮಾಡಿದೆ (ಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ಸೋಸಿ ತೆಗೆಯೋದು), ಸುಮ್ನೆ ಸಮಯ ಹಾಳು. ಮೂತ್ರ ಒಣಗಿಸಿ ಮತ್ತೆ ಎಣಿಸಿದೆ, ಕೌಂಟ್ ಇಳಿಯಲಿಲ್ಲ. ಅಂದರೆ ಅದು ಒಣಗಿಸಿದಾಗ ಆವಿಯಾಗಿ ಹೋಗುವ ಟ್ರಿಟಿಯಂ ನೀರಲ್ಲ.

ಕೈ ಹಿಡಿದದ್ದು ಚುಚ್ಚುವ ಮೊದಲೇ ಜೆಲ್ ಕಾಲಮ್‌ಗೆ (ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕೊಳವೆ) ಹಾಕಿ ನೋಡಿ ಎಂಬ ಸಲಹೆ. ಈ ವಿಧಾನದಲ್ಲಿ ಸರಪಳಿಗೆ ಒಂದೇ ಲೇಬಲ್, ಅದೂ ತುದಿಯಲ್ಲಿ. ಹಾಗಾಗಿ ತೂಕದಲ್ಲಿ ಚೂರೇ ಇರುವ ಗಿಡ್ಡ ಸರಪಳಿಗಳು ಕೌಂಟ್‌ನಲ್ಲಿ ಜಾಸ್ತಿ ಕಾಣುತ್ತವೆ! ಸುಮಾರು 14,000 ಡಾಲ್ಟನ್‌ಗಿಂತ ಚಿಕ್ಕದನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲ 20,000ದ ಸರಪಳಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ, ಕಿಡ್ನಿ ಅದನ್ನು ಸಲೀಸಾಗಿ ಹೊರಗೆ ಬಿಡುತ್ತದೆ.

ಕಾಲಮ್‌ನಿಂದ ಬಂದ ದೊಡ್ಡ ಸರಪಳಿಗಳ ಭಾಗವನ್ನಷ್ಟೇ ಆರಿಸಿ ಚುಚ್ಚಿದೆ. ಈಗ ಕೌಂಟ್ ರಕ್ತದಲ್ಲೇ ನಿಲ್ಲುತ್ತಿದೆ.