ಸಹಾಯ ಬೇಕು: "ಕುತ್ತಿಗೆ ನಿಂತಿಲ್ಲ" ಅಂದ್ರೆ ಚಾಟ್‌ಬಾಟ್‌ಗೆ ಅರ್ಥ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಂಗವೈಕಲ್ಯ ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗೆ ಕನ್ನಡ ವಾಟ್ಸಾಪ್ ಚಾಟ್‌ಬಾಟ್ ಸಿದ್ಧಪಡಿಸ್ತಿದ್ದೇವೆ. ಅದು ನಮ್ಮ ದಾಖಲೆಗಳಲ್ಲಿ ಹುಡುಕಿ, ಸಿಕ್ಕಿದ್ದನ್ನ ಇಟ್ಕೊಂಡು ಉತ್ತರ ಕೊಡುತ್ತೆ. ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ಗುರುತಿನ ಚೀಟಿ), ನಿರಾಮಯ ಆರೋಗ್ಯ ವಿಮೆಯ 1 ಲಕ್ಷ ರೂಪಾಯಿ ಮಿತಿ, ಇಂಥವಕ್ಕೆ ಉತ್ತರ ಸರಿಯಾಗೇ ಬರುತ್ತೆ. ಕೇಳೋರ ಬಾಯಲ್ಲೂ ದಾಖಲೆಯಲ್ಲೂ ಅದೇ ಪದ ಇರುತ್ತಲ್ಲ.

ಎಡವೋದು ಬೆಳವಣಿಗೆಯ ಪ್ರಶ್ನೆಗಳಲ್ಲಿ. "6 ತಿಂಗಳಾದ್ರೂ ಪಾಪುಗೆ ಕುತ್ತಿಗೆ ನಿಂತಿಲ್ಲ" ಅಂತ ತಾಯಿ ಕೇಳ್ತಾರೆ. ದಾಖಲೆಯಲ್ಲಿರೋದು "ಶಿರ ನಿಯಂತ್ರಣದಲ್ಲಿ ವಿಳಂಬ". ಹುಡುಕಾಟಕ್ಕೆ ಅದು ಸಿಗಲ್ಲ, ಆಗ ಉತ್ತರ ಬರೆಯೋ ಎಐ ಮಾಡೆಲ್ ತಾನೇ "ಪ್ರತಿ ಮಗುವೂ ಬೇರೆ, ಸ್ವಲ್ಪ ಕಾಯಿರಿ" ಅನ್ನುತ್ತೆ. ಇದು ನಿಜಕ್ಕೂ ಅಪಾಯ. ಸಾಮಾನ್ಯವಾಗಿ 4 ತಿಂಗಳ ಹೊತ್ತಿಗೆ ಕುತ್ತಿಗೆ ನಿಲ್ಲುತ್ತೆ. ಇಂಥ ಮಗುವನ್ನ ಕಾಯಿಸದೆ ಮಕ್ಕಳ ವೈದ್ಯರಿಗೋ ಜಿಲ್ಲೆಯ ಡಿಇಐಸಿಗೋ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನ ಬೇಗ ಗುರುತಿಸಿ ನೆರವಾಗೋ ಸರ್ಕಾರಿ ಕೇಂದ್ರ) ತೋರಿಸಬೇಕು.

ಪ್ರಶ್ನೆಯನ್ನ ಇಂಗ್ಲಿಷ್‌ಗೆ ತಿರುಗಿಸಿ ಹುಡುಕಿದ್ವಿ. ಅನುವಾದ "ನಿಂತಿಲ್ಲ" ಅನ್ನೋದನ್ನ "ಇನ್ನೂ ಮುಗಿದಿಲ್ಲ" ಅಂತ ತಗೊಂಡು ಕುತ್ತಿಗೆ ನೋವಿನ ಪುಟ ತಂದುಕೊಡ್ತು! ಪ್ರಶ್ನೆಗೂ ದಾಖಲೆಗೂ ಕನಿಷ್ಠ ಎಷ್ಟು ಹೋಲಿಕೆ ಇರಬೇಕು ಅನ್ನೋ ಮಿತಿ ಇಳಿಸಿದ್ರೆ ಸಂಬಂಧವಿಲ್ಲದ್ದು ಬರುತ್ತೆ, ಏರಿಸಿದ್ರೆ ಬರೀ "ಮಾಹಿತಿ ಇಲ್ಲ".

ಈಗ ಗೊಂದಲ ಇಷ್ಟೇ: ಆಡುಮಾತನ್ನ ಹುಡುಕೋ ಮೊದಲೇ ವೈದ್ಯಕೀಯ ಪದಕ್ಕೆ ಬದಲಿಸಬೇಕಾ, ಇಲ್ಲಾ ಪ್ರತಿ ಉತ್ತರದ ಜೊತೆ ತಾಯಂದಿರು ಕೇಳೋ ಹತ್ತಾರು ರೀತಿಯ ಪ್ರಶ್ನೆಗಳನ್ನೇ ಸೇರಿಸಿ ಇಂಡೆಕ್ಸ್ (ಹುಡುಕಾಟಕ್ಕೆ ಸಿಗೋ ಪಟ್ಟಿ) ಮಾಡಬೇಕಾ? ಕನ್ನಡದಲ್ಲಿ ಮಾಡಿ ನೋಡಿದವರು, ಯಾವುದು ನಿಂತಿತು ಹೇಳ್ತೀರಾ?