ಸಿಲಿಕಾನ್ ಕಾರ್ಬೈಡ್ ಬೆರೆಸಿದ ಅಲ್ಯೂಮಿನಿಯಂ: ಮಾಡೆಲ್ ಯಾಕೆ ತಾಳೆಯಾಗುತ್ತಿಲ್ಲ?

ಪ್ರಶ್ನೆ: ಮೇಡಂ, ನಾನು ಎಂ.ಟೆಕ್ ವಿದ್ಯಾರ್ಥಿ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಸಿಲಿಕಾನ್ ಕಾರ್ಬೈಡ್ ಪುಡಿ ಹಾಕಿ ಸ್ಟರ್ ಕಾಸ್ಟಿಂಗ್ (ಕರಗಿದ ಲೋಹಕ್ಕೆ ಪುಡಿ ಕಲಕಿ ಎರಕ ಹೊಯ್ಯುವುದು) ಮಾಡಿದ್ದೇವೆ. ವಾಲ್ಯೂಮ್ ಲೆಕ್ಕದಲ್ಲಿ 15%, ಕಣ ಸುಮಾರು 10 ಮೈಕ್ರಾನ್. ಆಮೇಲೆ ಟಿ6 ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ನೀರಿಗೆ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಗಟ್ಟಿ ಮಾಡುವುದು). ಕಂಪ್ಯೂಟರ್‌ನಲ್ಲಿ ಒಂದೇ ದುಂಡು ಕಣದ ಯೂನಿಟ್ ಸೆಲ್ (ಲೋಹದ ಪುಟ್ಟ ಮಾದರಿ ತುಣುಕು) ಮಾಡಿ ಎಳೆದರೆ ಯೀಲ್ಡ್, ಅಂದರೆ ಲೋಹ ಶಾಶ್ವತವಾಗಿ ಬಾಗಲು ಶುರುವಾಗುವ ಒತ್ತಡ, ಪರೀಕ್ಷೆಯಲ್ಲಿ ಬಂದದ್ದಕ್ಕಿಂತ ಕಡಿಮೆ ಬರುತ್ತದೆ. ಲ್ಯಾಬ್‌ನಲ್ಲಿ ತುಂಡು ಬೇಗ ಮುರಿಯಿತು, ಮಾಡೆಲ್ ಮಾತ್ರ ಎಳೆದಷ್ಟೂ ಉದ್ದವಾಗುತ್ತದೆ. ಮೆಶ್ (ಲೆಕ್ಕಕ್ಕಾಗಿ ಮಾಡೆಲ್ಲನ್ನು ಹಂಚುವ ಚೂರುಗಳ ಬಲೆ) ಸಣ್ಣದು ಮಾಡಿದರೂ ಅಷ್ಟೇ.

ಉತ್ತರ: ಮೆಶ್ ಬಿಡಿ. ಮ್ಯಾಟ್ರಿಕ್ಸ್‌ಗೆ, ಅಂದರೆ ಕಣಗಳ ಸುತ್ತಲಿನ ಲೋಹಕ್ಕೆ, ನೀವು ಕೊಟ್ಟಿರುವುದು ಕಣವಿಲ್ಲದ ಬರೀ 6061ರ ಒತ್ತಡ-ಹಿಗ್ಗುವಿಕೆ ಕರ್ವ್ ಅಲ್ವಾ? ಕಣಗಳ ನಡುವೆ ಸಿಕ್ಕಿಕೊಂಡ ಅಲ್ಯೂಮಿನಿಯಂ ಅದಕ್ಕಿಂತ ಗಟ್ಟಿ.

ಯಾಕೆಂದರೆ, 530 ಡಿಗ್ರಿಯಿಂದ ನೀರಿಗೆ ಅದ್ದಿದಾಗ ಅಲ್ಯೂಮಿನಿಯಂ ಕಣಕ್ಕಿಂತ ಐದು ಪಟ್ಟಿಗೂ ಜಾಸ್ತಿ ಕುಗ್ಗಲು ನೋಡುತ್ತದೆ. ಕಣ ಬಿಡುವುದಿಲ್ಲ. ತಣ್ಣಗಾಗುವಷ್ಟರಲ್ಲಿ ಎರಡರ ನಡುವೆ ಸುಮಾರು 1% ಸ್ಟ್ರೇನ್ (ಉದ್ದದ ಬದಲಾವಣೆ) ವ್ಯತ್ಯಾಸ ಬರುತ್ತದೆ. ಮೆತ್ತಗಿರುವ ಲೋಹ ಅದನ್ನು ತಾಳದೆ ಕಣದ ಸುತ್ತ ಯೀಲ್ಡ್ ಆಗುತ್ತದೆ, ಅಲ್ಲಿ ಡಿಸ್‌ಲೊಕೇಶನ್‌ಗಳು (ಹರಳಿನ ಜೋಡಣೆಯಲ್ಲಿನ ಗೆರೆಯಂಥ ದೋಷಗಳು) ತುಂಬಿಕೊಂಡು ಲೋಹವನ್ನು ಗಟ್ಟಿ ಮಾಡುತ್ತವೆ. ನಿಮ್ಮ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿದೆ. ಇದೊಂದರಿಂದಲೇ ಯೀಲ್ಡ್‌ಗೆ ಸುಮಾರು 25 ಮೆಗಾಪಾಸ್ಕಲ್ ಹೆಚ್ಚಾಗಿ ಸಿಗುತ್ತದೆ. ಕಣದ ಅಳತೆ ಅರ್ಧ ಮಾಡಿದರೆ ಸುಮಾರು 35.

ಇದು ನಿಮ್ಮ ಮಾಡೆಲ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಸಾಮಾನ್ಯ ಪ್ಲಾಸ್ಟಿಸಿಟಿ (ಶಾಶ್ವತ ಬಾಗುವಿಕೆಯ) ಲೆಕ್ಕದಲ್ಲಿ ಕಣ 10 ಮೈಕ್ರಾನ್ ಇರಲಿ, 100 ಇರಲಿ, ಅದೇ ಉತ್ತರ. ಹಾಗಾಗಿ ಮ್ಯಾಟ್ರಿಕ್ಸ್ ಯೀಲ್ಡ್‌ಗೆ ಈ ಪಾಲನ್ನು ನೀವೇ ಸೇರಿಸಿ. ಮಾಡೆಲ್ಲನ್ನು ಮೊದಲು ತಣಿಸಿ, ಆಮೇಲೆ ಎಳೆಯಿರಿ. ಒಳಗೆ ಉಳಿದ ಒತ್ತಡವೂ ಲೆಕ್ಕಕ್ಕೆ ಬರಲಿ. ಏಜಿಂಗ್ (ಟಿ6ರಲ್ಲಿ ಕೊನೆಗೆ ಹದವಾಗಿ ಕಾಯಿಸುವ ಹಂತ) ಸಮಯವನ್ನೂ ನೋಡಿಕೊಳ್ಳಿ. ಡಿಸ್‌ಲೊಕೇಶನ್ ಜಾಸ್ತಿ ಇದ್ದರೆ ಪೀಕ್, ಅಂದರೆ ಲೋಹ ಅತಿ ಗಟ್ಟಿಯಾಗುವ ಹಂತ, ಬೇಗ ಬರುತ್ತದೆ.

ಪ್ರಶ್ನೆ: ಓರೋವಾನ್ ಪಾಲನ್ನೂ (ಡಿಸ್‌ಲೊಕೇಶನ್‌ಗಳ ದಾರಿಗೆ ಕಣಗಳು ಅಡ್ಡ ಬರುವುದರಿಂದ ಸಿಗುವ ಬಲ) ಸೇರಿಸಲಾ ಮೇಡಂ?

ಉತ್ತರ: ಬೇಡ. ಅದು ಒಂದು ಮೈಕ್ರಾನ್‌ಗಿಂತ ಎಷ್ಟೋ ಸಣ್ಣ ಕಣಗಳ ಮಾತು. ನಿಮ್ಮಲ್ಲಿ ಅದರಿಂದ ಸಿಗುವುದು ಏನೂ ಇಲ್ಲದಷ್ಟು.

ಪ್ರಶ್ನೆ: ಹಾಗಾದರೆ ಬೇಗ ಮುರಿದದ್ದು ಯಾಕೆ?

ಉತ್ತರ: ನಿಮ್ಮ ಮಾಡೆಲ್‌ನಲ್ಲಿ ಕಣ ಒಡೆಯುವ ಹಾಗೂ ಇಲ್ಲ, ಅಂಟು ಬಿಡುವ ಹಾಗೂ ಇಲ್ಲ. ಮತ್ತೆ ಮುರಿಯುವುದು ಹೇಗೆ? ಇದಕ್ಕೆ ಮೊದಲು ಕಂಪ್ಯೂಟರ್ ಬಿಟ್ಟು ಮುರಿದ ತುಂಡು ಕೈಗೆತ್ತಿಕೊಳ್ಳಿ. ಮುರಿದ ಎರಡೂ ಮುಖಗಳನ್ನು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಜೋಡಿಸಿ ನೋಡಿ. ಎರಡೂ ಕಡೆ ಒಂದೇ ಕಣದ ಅರ್ಧರ್ಧ ಕಂಡರೆ ಕಣವೇ ಸೀಳಿದೆ, ಕಣಕ್ಕೆ ವೀಬುಲ್ ಲೆಕ್ಕ (ಒಡೆಯುವ ಸಾಧ್ಯತೆಯ ಸಂಖ್ಯಾಶಾಸ್ತ್ರ) ಕೊಡಿ. ದೊಡ್ಡ ಕಣದಲ್ಲಿ ದೊಡ್ಡ ಬಿರುಕು ಇರುವ ಸಾಧ್ಯತೆ ಜಾಸ್ತಿ, ಅದೇ ಮೊದಲು ಹೋಗುತ್ತದೆ. ಒಂದು ಕಡೆ ಕಣ, ಎದುರಿಗೆ ಖಾಲಿ ಗುಳಿ ಇದ್ದರೆ ಅಂಟು ಬಿಟ್ಟಿದೆ. ಆಗ ಕಣ ಮತ್ತು ಲೋಹದ ಗಡಿಯಲ್ಲಿ ಕೊಹೆಸಿವ್ ಎಲಿಮೆಂಟ್ (ಅಂಟು ಬಿಡಬಲ್ಲ ಪದರ) ಹಾಕಿ.

ಸ್ಟರ್ ಕಾಸ್ಟಿಂಗ್‌ನಲ್ಲಿ ಕಣಗಳು ಗುಂಪುಗೂಡುತ್ತವೆ. ನನ್ನ ಅನುಮಾನ ಅದರ ಮೇಲೇ ಜಾಸ್ತಿ. ಒಂದೇ ಕಣದ ಸೆಲ್‌ನಲ್ಲಿ ಗುಂಪು ಎಲ್ಲಿಂದ ಬರಬೇಕು? ಪಾಲಿಶ್ ಮಾಡಿದ ತುಂಡಿನ ಮೈಕ್ರೋಸ್ಕೋಪ್ ಫೋಟೋ ಇದ್ದರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.