ಮೂವತ್ತು ವರ್ಷ ನಿಂತ ಅಜ್ಜನ ಬೈಕ್: ಎಲ್ಲಿಂದ ಶುರು ಮಾಡಲಿ?

ಕೇಳಿದವರು:
ಅಜ್ಜನ ಮೋಟಾರ್ ಸೈಕಲ್ ಈಗ ನನ್ನ ಕೈಗೆ ಬಂದಿದೆ. 1950ರ ದಶಕದ ಬ್ರಿಟಿಷ್ ಗಾಡಿ. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್. ಮೂವತ್ತು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಜಾಮ್ ಆಗಿದೆ, ಕಿಕ್ಕರ್ ಮೇಲೆ ಪೂರ್ತಿ ಭಾರ ಬಿಟ್ಟರೂ ಅಲುಗುವುದಿಲ್ಲ. ಟ್ಯಾಂಕಿನೊಳಗೆ ತುಕ್ಕು. ಬಣ್ಣ ಅರ್ಧ ಹೋಗಿದೆ, ಕೈಯಲ್ಲಿ ಎಳೆದ ಚಿನ್ನದ ಗೆರೆ ಮಾತ್ರ ಇನ್ನೂ ಕಾಣುತ್ತದೆ. ಎಲ್ಲ ಬಿಚ್ಚಿ, ಬಣ್ಣ ಹೊಡೆಸಿ, ಹೊಸದರ ಹಾಗೆ ಮಾಡುವ ಆಸೆ. ಈ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳುತ್ತೀರಾ?

ಮೂರು ಹಳೆ ಬೈಕ್ ಎಬ್ಬಿಸಿದವರು:
ಮೊದಲು ಕಿಕ್ಕರ್ ಮೇಲಿಂದ ಕಾಲು ತೆಗೆಯಿರಿ. ಹಾಗೇ ಹಾರುತ್ತಿದ್ದರೆ ಒಳಗೆ ಕಿಕ್ ಗೇರಿನ ಹಲ್ಲು ಮುರಿಯುತ್ತದೆ. ನನ್ನ ಮೊದಲ ಬೈಕಿನದು ಮುರಿಯಿತು. ಎಂಜಿನ್ ಐದು ದಿನದಲ್ಲಿ ಬಿಟ್ಟಿತು, ಆ ಗೇರ್ ಹುಡುಕಲು ಎಂಟು ತಿಂಗಳು ಹೋಯಿತು.

ಜಾಮ್ ಅಂದರೆ ಹೆಚ್ಚಾಗಿ ಪಿಸ್ಟನ್ ಸುತ್ತಲಿನ ರಿಂಗಿಗೂ ಸಿಲಿಂಡರಿನ ಒಳಗೋಡೆಗೂ (ಬೋರ್) ನಡುವೆ ತುಕ್ಕು ಕೂತಿರುತ್ತದೆ. ಎರಡೂ ಕಬ್ಬಿಣ. ಗಾಡಿ ನಿಲ್ಲಿಸಿದಾಗ ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳಲ್ಲಿ ಒಂದು ತೆರೆದಿತ್ತು ಅಂದರೆ ಮುಗಿಯಿತು, ಹೊರಗಿನ ತೇವ ನೇರ ಒಳಗೆ. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿನಿಂದ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಮತ್ತು ಅಸಿಟೋನ್ ಅರ್ಧಕ್ಕರ್ಧ ಬೆರೆಸಿ ಸುರಿಯಿರಿ. ಎರಡೂ ಬೇಗ ಬೇರೆಯಾಗುತ್ತವೆ, ಹಾಗಾಗಿ ಕುಲುಕಿದ ತಕ್ಷಣ ಹಾಕಬೇಕು. ಅಸಿಟೋನ್ ಬೆಂಕಿಗೂ ಸಲೀಸು, ಬಣ್ಣವನ್ನೂ ತಿನ್ನುತ್ತದೆ. ಟ್ಯಾಂಕನ್ನು ಮೊದಲೇ ಕಳಚಿ ದೂರ ಇಡಿ. ಆ ಗೆರೆಯ ಮೇಲೆ ಒಂದು ಹನಿ ಬಿದ್ದರೂ ಹೋಯಿತು.

ಆಮೇಲೆ ಸುಮ್ನೆ ಬಿಡಿ. ದಿನಾ ಒಂದಿಷ್ಟು ಸುರಿದು, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ ಮಾಡಿ. ಒಂದೇ ಕಡೆಗೆ ಜಗ್ಗಬೇಡಿ. ಮೊದಲನೆಯದು ಐದು ದಿನ ಅಂದೆನಲ್ಲ, ಮೂರನೆಯದು ಆರು ವಾರ ತಿಂದಿತು. ಸುತ್ತಿಗೆ ಕಡೆ ಕೈ ಹೋದರೆ ಶೆಡ್ಡಿನ ಬಾಗಿಲು ಹಾಕಿಕೊಂಡು ಹೋಗಿ ಮಲಗಿ.

ಎಂಜಿನ್ ಕೆಲಸದ ಹುಚ್ಚಿರುವವರು:
ಮೇಲಿನದು ಸರಿ, ಆದರೆ ತೂಗುವ ಮೊದಲು ವಾಲ್ವ್ ನೋಡಿಕೊಳ್ಳಿ. ವಾಲ್ವ್ ತಾನು ಜಾರುವ ಕೊಳವೆಯಲ್ಲೇ (ಗೈಡ್) ಅಂಟಿಕೊಂಡಿದ್ದರೆ, ಪಿಸ್ಟನ್ ಬಿಟ್ಟ ಖುಷಿಯಲ್ಲಿ ನೀವು ತಿರುಗಿಸುತ್ತೀರಿ, ವಾಲ್ವ್ ಆಡಿಸುವ ಕಡ್ಡಿ (ಪುಶ್ ರಾಡ್) ಬಾಗಿ ಕೂರುತ್ತದೆ. ಅದಕ್ಕೂ ಅದೇ ಎಣ್ಣೆ, ಅದೇ ತಾಳ್ಮೆ.

ಇನ್ನೊಂದು. ಆ ಕಾಲದ ಬಹಳಷ್ಟು ಬ್ರಿಟಿಷ್ ಬೈಕುಗಳಲ್ಲಿ ಎಂಜಿನ್ ಎಣ್ಣೆಗೆ ಬೇರೆ ಟ್ಯಾಂಕ್ ಇರುತ್ತದೆ. ವರ್ಷಗಟ್ಟಲೆ ನಿಂತಾಗ ಅದು ಪಂಪ್ ದಾಟಿಕೊಂಡು ಎಂಜಿನ್ನಿನ ತಳಭಾಗಕ್ಕೆ (ಕ್ರ್ಯಾಂಕ್ ಕೇಸ್) ಇಳಿಯುತ್ತದೆ. ಟ್ಯಾಂಕ್ ಖಾಲಿ ಕಂಡಿತು ಅಂತ ಮೇಲಿಂದ ತುಂಬಿಸಬೇಡಿ, ಮೊದಲು ಕೆಳಗಿನದನ್ನು ಹರಿಸಿ.

ಪಾನಾ ವಿಷಯಕ್ಕೆ ಬರೋಣ. ಇಲ್ಲಿ ಹೊಸಬರೆಲ್ಲ ಎಡವುತ್ತಾರೆ. ಈ ಗಾಡಿಯ ನಟ್‌ಗಳು ಮೆಟ್ರಿಕ್ ಅಲ್ಲ. ಅವುಗಳ ಅಳತೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಹಾಕಿಕೊಟ್ಟ ಪದ್ಧತಿಯಿಂದ ಬಂದದ್ದು. ಪಾನಾದ ಮೇಲೆ ಕೆತ್ತಿರುವುದು ಬೋಲ್ಟಿನ ದಪ್ಪ, ನಟ್‌ನ ಅಗಲ ಅಲ್ಲ. ಕಾಲಿಂಚಿನ ವಿಟ್‌ವರ್ತ್ ಪಾನಾದ ಬಾಯಿ ಸುಮಾರು 13.3 ಮಿಲಿಮೀಟರ್. 13ರ ಪಾನಾ ಹೋಗುವುದಿಲ್ಲ, 14ರದು ಹೋಗುತ್ತದೆ. ಹೋಗುತ್ತದಲ್ಲ ಅಂತ ಜಗ್ಗಿದಿರೋ, ಮೂಲೆ ಸವೆದು ನಟ್ ಗೋಲಿ ಆಗುತ್ತದೆ. ಗಾಡಿಗೆ ಒಂದೂ ಹೊಸ ಸಾಮಾನು ತರುವ ಮೊದಲು ಸರಿಯಾದ ಪಾನಾ ಸೆಟ್ ತನ್ನಿ.

ಟ್ಯಾಂಕ್ ಹಾಳು ಮಾಡಿಕೊಂಡು ಕಲಿತವರು:
ತುಕ್ಕಿಗೆ ನಾನು ಕರೆಂಟ್ ವಿಧಾನ ಬಳಸುತ್ತೇನೆ. ನೀರಿಗೆ ವಾಷಿಂಗ್ ಸೋಡಾ ಹಾಕಿ, ತುಕ್ಕು ಹಿಡಿದ ಭಾಗಕ್ಕೆ ಬ್ಯಾಟರಿ ಚಾರ್ಜರಿನ ನೆಗೆಟಿವ್, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಒಳ್ಳೆಯ ಕಬ್ಬಿಣ ಉಳಿದು ತುಕ್ಕು ಮಾತ್ರ ಕಪ್ಪು ಪುಡಿಯಾಗಿ ಸಡಿಲವಾಗುತ್ತದೆ. ಮೊದಲ ಸಲ ತಂತಿ ಅದಲು ಬದಲು ಮಾಡಿದ್ದೆ. ಬೆಳಗ್ಗೆ ನೋಡಿದರೆ ಬೇಡದ ತುಂಡು ಫಳಫಳ, ಟೂಲ್ ಬಾಕ್ಸಿನ ಮುಚ್ಚಳ ಜರಡಿ! ಈಗ ಪಾಸಿಟಿವ್ ತಂತಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ.

ಬೇಡದ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು. ಅದರಲ್ಲಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬಿಡುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿಗೆ ಹಾಕಬೇಡಿ, ಸೋಡಾ ತಿಂದುಬಿಡುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಆದ್ದರಿಂದ ಬಯಲಿನಲ್ಲೇ ಮಾಡಿ.

ನಿಮ್ಮ ಟ್ಯಾಂಕಿಗೆ ಮಾತ್ರ ಇದನ್ನು ಹೇಳಲಾರೆ. ಪೂರ್ತಿ ಮುಳುಗಿಸಿದರೆ ಬಣ್ಣ ಏಳುತ್ತದೆ. ಒಳಗೆ ಮಾತ್ರ ಸಿಟ್ರಿಕ್ ಆಸಿಡ್ ನೀರು ತುಂಬಿ ಒಂದು ದಿನ ಬಿಡಿ. ಚೆಲ್ಲದ ಹಾಗೆ ಬಾಯಿ ಸುತ್ತ ಪ್ಲಾಸ್ಟಿಕ್ ಕಟ್ಟಿ. ಆಮೇಲೆ ತೊಳೆದು ತಕ್ಷಣ ಒಣಗಿಸಿ, ಸ್ವಲ್ಪ ಎಣ್ಣೆ ಆಡಿಸಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತದೆ. ಕೆಲವರು ಒಳಗೆ ನಟ್ ಹಾಕಿ ಕುಲುಕುತ್ತಾರೆ. ಎಣಿಸಿ ಹಾಕಿ. ನಾನು 23 ಹಾಕಿ 22 ತೆಗೆದೆ. ಉಳಿದ ಒಂದು ಈಗಲೂ ತಿರುವಿನಲ್ಲಿ ಟಣ್ ಅನ್ನುತ್ತದೆ.

ಬಣ್ಣ ಹೊಡೆಸಿ ಪಶ್ಚಾತ್ತಾಪ ಪಟ್ಟವರು:
ಹೊಸದರ ಹಾಗೆ ಮಾಡಬೇಕು ಅಂದಿರಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಗಾಳಿಯ ರಭಸದಲ್ಲಿ ಮರಳು ಹೊಡೆಸಿ ಹಳೆ ಬಣ್ಣ ಎಲ್ಲ ತೆಗೆಸಿ, ಕನ್ನಡಿಯಂಥ ಬಣ್ಣ ಹಾಕಿಸಿದೆ. ಚೆನ್ನಾಗಿದೆ. ಆದರೆ ಟ್ಯಾಂಕಿನಲ್ಲಿ ನಮ್ಮಪ್ಪನ ಮೊಣಕಾಲು ಉಜ್ಜಿ ಸವೆದ ಜಾಗ ಇತ್ತು, ಅದೂ ಹೋಯಿತು. ಅದನ್ನು ಯಾವ ಪೇಂಟರ್ ವಾಪಸ್ ಕೊಡುತ್ತಾನೆ? ನಿಮ್ಮದರಲ್ಲಿ ಗೆರೆ ಉಳಿದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಣ ಹಚ್ಚಿ, ಒಂದು ವರ್ಷ ನೋಡಿ. ಬಣ್ಣ ಮುಂದಿನ ವರ್ಷವೂ ಹೊಡೆಯಬಹುದು, ಅಲ್ವಾ?

ಎಂಜಿನ್ ಕೆಲಸದ ಹುಚ್ಚಿರುವವರು:
ಅರ್ಧ ಒಪ್ಪುತ್ತೇನೆ. ಟ್ಯಾಂಕ್ ಬಿಡಿ, ಫ್ರೇಮ್ ಬಿಡಬೇಡಿ. ಬೆಸುಗೆ ಹತ್ತಿರ ತುಕ್ಕು ಹಿಡಿದಿದ್ದರೆ ಬಣ್ಣ ಕೆರೆದು ಬಿರುಕು ಇದೆಯಾ ಅಂತ ನೋಡಲೇಬೇಕು, ಅದು ಜೀವದ ಪ್ರಶ್ನೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುಕಾಗದ ಬೇಡ, ನೀರು ಹಾಕಿ ಉಜ್ಜಿ. ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ ಅಂತಲೇ ತಿಳಿದು ಕೆಲಸ ಮಾಡಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಮತ್ತೆ, ಎಂಜಿನ್ ಕೇಸಿಗೆ ಮರಳು ಹೊಡೆಸಲೇಬೇಡಿ. ಒಂದು ಕಾಳು ಎಣ್ಣೆ ದಾರಿಯಲ್ಲಿ ಉಳಿದರೂ ಬೇರಿಂಗ್ ಹೋಗುತ್ತದೆ.

ವೈರಿಂಗ್ ಕೆಲಸ ಮಾಡುವವರು:
ಚಿಕ್ಕದಾಗಿ ಹೇಳುತ್ತೇನೆ. ಇದು ಬಹುಶಃ 6 ವೋಲ್ಟ್ ಗಾಡಿ, ಮತ್ತು ಗಾಡಿಯ ಫ್ರೇಮಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ ಇರಬಹುದು. ಈಗಿನ ಅಭ್ಯಾಸದಲ್ಲಿ ನೆಗೆಟಿವ್ ಕೊಟ್ಟು ಬ್ಯಾಟರಿ ಕಟ್ಟಬೇಡಿ. ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆ ಕಿಡಿ ಹುಟ್ಟಿಸುವ ಯಂತ್ರ) ಇದ್ದರೆ, ತಣ್ಣಗಿದ್ದಾಗ ಕಿಡಿ ಬಂತು ಅಂತ ಹಿಗ್ಗಬೇಡಿ. ಹಳೆ ಸುರುಳಿಯ ಅರಗು ಬಿಸಿಗೆ ಮೆತ್ತಗಾಗುತ್ತದೆ, ಕಂಡೆನ್ಸರ್ ಕೂಡ ಬಿಸಿಯಲ್ಲೇ ಕೈ ಕೊಡುತ್ತದೆ. ಬಿಚ್ಚುವ ಪ್ರತಿ ತಂತಿಯದೂ ಫೋಟೋ ತೆಗೆಯಿರಿ. ಜಾಸ್ತಿ ಆಯಿತು ಅನ್ನಿಸಿದ ಮೇಲೆ ಇನ್ನೂ ಹತ್ತು ತೆಗೆಯಿರಿ.

ಕೇಳಿದವರು:
ಹತ್ತೊಂಬತ್ತನೇ ದಿನ. ಇವತ್ತು ಬೆಳಗ್ಗೆ ಚಕ್ರ ಬೆರಳಿನಷ್ಟು ಅಲುಗಿತು! ಸಂಜೆಗೆ ಪೂರ್ತಿ ಒಂದು ಸುತ್ತು ಬಂತು. ವಾಲ್ವ್ ಎರಡೂ ಆಡುತ್ತಿವೆ. ಪ್ಲಗ್ ತೂತಿನಿಂದ ಕಂದು ಬಣ್ಣದ ಎಣ್ಣೆ ಚಿಮ್ಮಿ ಅಂಗಿ ಹಾಳಾಯಿತು. ಟ್ಯಾಂಕಿಗೆ ಸದ್ಯ ಮೇಣ ಹಚ್ಚಿದ್ದೇನೆ. ಈಗ ಪೆಟ್ರೋಲ್ ಹಾಕಿ ಕಿಕ್ ಹೊಡೆಯಲಾ?

ಮೂರು ಹಳೆ ಬೈಕ್ ಎಬ್ಬಿಸಿದವರು:
ಬೇಡ! ಆ ಕಂದು ಎಣ್ಣೆ ಅಂದರೆ ಬೋರಿನ ತುಕ್ಕು. ಈಗ ಓಡಿಸಿದರೆ ರಿಂಗು ಅದನ್ನೇ ಉಜ್ಜಿಕೊಂಡು ಬೋರ್ ಗೀರುತ್ತದೆ. ಸರಿಯಾದ ಪಾನಾ ಬಂತಾ? ಬಂದಿದ್ದರೆ ಸಿಲಿಂಡರ್ ಹೆಡ್ ಬಿಚ್ಚಿ, ಬೋರಿನ ಫೋಟೋ ಹಾಕಿ.